‘ಏನೋ ಮಾಡ್ಕೊಂಡಿದ್ದಾಳೆ’ ಅಂದರೆ ಏನು?

(ಒಂದು ತಾಲ್ಲೂಕು ಕೇಂದ್ರದ ಪ್ರೌಢಶಾಲೆಯಲ್ಲಿ ಪೋಷಕರು ಮತ್ತು ಶಿಕ್ಷಕರ ಮುಂದೆ ಆಡಿದ ಮಾತು. ಮೊಬೈಲಿನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳಿಸಿಕೊಂಡು ಬರೆದಿದ್ದೇನೆ. ಫ್ಯಾನಿನ ಸದ್ದಿಗೆ ಕೇಳಿಸದೆ ಹೋದ ಕಡೆ ನೆನಪಿನಿಂದ ತುಂಬಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬಾಗಿಲ ಹತ್ತಿರ ನಿಂತಿರುವವರು ಮುಂದೆ ಬನ್ನಿ, ಮೂರು ಸಾಲು ಕುರ್ಚಿ ಖಾಲಿ ಇದೆ. ಮಕ್ಕಳು ತಮ್ಮನ್ನು ತಾವೇ ನೋಯಿಸಿಕೊಳ್ಳುವ ಈ ವಿಷಯಕ್ಕೆ ಕರೆದಾಗೆಲ್ಲ ಹೀಗೇ ಆಗುತ್ತದೆ. ಮುಂದೆ ಕೂತರೆ ‘ಇವರ ಮನೆಯಲ್ಲೇ ಏನೋ ಆಗಿರಬೇಕು’ ಅಂತ ಪಕ್ಕದವರು ಅಂದುಕೊಂಡಾರು ಅನ್ನುವ ಅಂಜಿಕೆ. ಶುಗರ್ ಕ್ಯಾಂಪಿಗೆ ಬಂದವರು ಹೀಗೆ ಬಾಗಿಲಿಗೆ ಅಂಟಿಕೊಂಡು ನಿಂತಿದ್ದನ್ನು ನಾನು ನೋಡಿಲ್ಲ.

ನಾನು ಡಾಕ್ಟರ್ ಅಲ್ಲ, ಆಪ್ತಸಮಾಲೋಚಕಿ. ಮನೋವೈದ್ಯರ ಜೊತೆ ಕೂತು ಮಕ್ಕಳ ಮಾತು, ಅವರ ಅಪ್ಪ ಅಮ್ಮಂದಿರ ಮಾತು ಕೇಳುವುದು ನನ್ನ ಕೆಲಸ. ಇವತ್ತು ಹೇಳುವ ಮಕ್ಕಳ ಕತೆಗಳಲ್ಲಿ ಊರು, ವಯಸ್ಸು ಬದಲಿಸಿದ್ದೇನೆ, ಎರಡು ಮೂರು ಮಕ್ಕಳನ್ನು ಸೇರಿಸಿ ಒಂದು ಮಾಡಿದ್ದೇನೆ. ಹಾಗಾಗಿ ‘ಇದು ಯಾರ ಮನೆ ಹುಡುಗಿ’ ಅಂತ ಲೆಕ್ಕ ಹಾಕಬೇಡಿ, ತಾಳೆ ಆಗುವುದಿಲ್ಲ. ಮಕ್ಕಳು ಹೇಗೆ ಗಾಯ ಮಾಡಿಕೊಳ್ಳುತ್ತಾರೆ ಅನ್ನುವ ವಿವರವನ್ನೂ ನಾನು ಹೇಳುವುದಿಲ್ಲ. ಅದರಿಂದ ಯಾರಿಗೂ ಉಪಯೋಗ ಇಲ್ಲ.

ಇದಕ್ಕೆ ನಮ್ಮ ಮನೆಮಾತಿನಲ್ಲಿ ಸರಿಯಾದ ಹೆಸರೇ ಇಲ್ಲ, ಗಮನಿಸಿದ್ದೀರಾ? ಪತ್ರಿಕೆಯವರು ‘ಸ್ವಯಂ ಹಾನಿ’ ಅಂತ ಬರೆಯುತ್ತಾರೆ. ಯಾವ ಅಮ್ಮನೂ ಡಾಕ್ಟರ ಹತ್ತಿರ ಬಂದು ‘ಮಗಳು ಸ್ವಯಂ ಹಾನಿ ಮಾಡಿಕೊಂಡಿದ್ದಾಳೆ’ ಅನ್ನುವುದಿಲ್ಲ. ಸೆರಗನ್ನು ಬಾಯಿಗೆ ಹಿಡಿದು, ದನಿ ತಗ್ಗಿಸಿ, ‘ಮೇಡಂ, ಏನೋ ಮಾಡ್ಕೊಂಡಿದ್ದಾಳೆ’ ಅನ್ನುತ್ತಾರೆ. ಪ್ರಾಣಕ್ಕೆ ಅಪಾಯ ಮಾಡಿಕೊಂಡವರಿಗೂ ಅದೇ ಮಾತು, ಯಾರಿಗೂ ತಿಳಿಯದಂತೆ ಮೈಮೇಲೆ ಸಣ್ಣ ಗಾಯ ಮಾಡಿಕೊಂಡವರಿಗೂ ಅದೇ ಮಾತು. ಈ ‘ಏನೋ’ ಒಂದು ದೊಡ್ಡ ಕಂಬಳಿ ಇದ್ದ ಹಾಗೆ, ಎಲ್ಲವನ್ನೂ ಮುಚ್ಚಿಬಿಡುತ್ತದೆ. ಇವತ್ತು ಆ ಕಂಬಳಿಯನ್ನು ಸ್ವಲ್ಪ ಎತ್ತಿ ನೋಡೋಣ, ಅಷ್ಟೇ.

ಗಾಯ ಮಾಡಿಕೊಂಡ ಮಗು ಸಾಯಲು ಹೊರಟಿತ್ತು ಅಂತಲೇ ಅಲ್ಲ. ತುಂಬ ಮಕ್ಕಳು ‘ಸಾಯಬೇಕು ಅಂತ ಇರಲಿಲ್ಲ, ತಡ್ಕೊಳ್ಳೋಕೆ ಆಗಲಿಲ್ಲ’ ಅನ್ನುತ್ತಾರೆ. ಅದು ನಿಜ. ಹಾಗಂತ ‘ಓ, ಸುಮ್ನೆ ಮಾಡ್ಕೊಂಡಿದ್ದು’ ಅಂತ ನಿರಾಳ ಆಗುವಂತೆಯೂ ಇಲ್ಲ. ಹೀಗೆ ನೋಯಿಸಿಕೊಳ್ಳುವ ಮಕ್ಕಳಲ್ಲಿ ಮುಂದೆ ಜೀವಕ್ಕೆ ಅಪಾಯ ತಂದುಕೊಳ್ಳುವ ಸಾಧ್ಯತೆ ಬೇರೆ ಮಕ್ಕಳಿಗಿಂತ ಜಾಸ್ತಿ. ಎರಡೂ ಒಟ್ಟಿಗೆ ನಿಜ. ನಮಗೆ ಯಾವುದಾದರೂ ಒಂದು ಮಾತ್ರ ನಿಜವಾಗಿದ್ದರೆ ಹಾಯಾಗಿರುತ್ತಿತ್ತು ಅಲ್ವಾ?

ಶುರುವಾಗುವ ವಯಸ್ಸು ಸಾಮಾನ್ಯವಾಗಿ 12ರಿಂದ 14. ಅಂದರೆ ನಿಮ್ಮ ಏಳು, ಎಂಟು, ಒಂಬತ್ತನೇ ಕ್ಲಾಸು. ಎಸ್ಸೆಸ್ಸೆಲ್ಸಿ ಟೆನ್ಷನ್ನು ಶುರುವಾಗುವ ಮೊದಲೇ, ನೋಡಿ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ 2014ರಲ್ಲಿ ಒಂದು ಲೆಕ್ಕ ತೆಗೆದರು. ಸಾಯುವ ಉದ್ದೇಶವಿಲ್ಲದೆ ಒಮ್ಮೆಯಾದರೂ ತಮ್ಮನ್ನು ನೋಯಿಸಿಕೊಂಡಿದ್ದ ಹದಿಹರೆಯದವರು ಶೇಕಡಾ 17ರಷ್ಟಿದ್ದರು. ಗಾಬರಿ ಆಗಬೇಡಿ, ಇದರ ಜೊತೆಗೇ ಕೇಳಬೇಕಾದ ಇನ್ನೊಂದು ಅಧ್ಯಯನ ಇದೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಸುಮಾರು ಎರಡು ಸಾವಿರ ಶಾಲಾ ಮಕ್ಕಳನ್ನು ಅವರು ಮೂವತ್ತರ ಹತ್ತಿರ ಬರುವವರೆಗೂ ಸಂಶೋಧಕರು ಬೆನ್ನು ಹತ್ತಿದರು. 2012ರಲ್ಲಿ ಫಲಿತಾಂಶ ಬಂತು. ಹದಿಹರೆಯದಲ್ಲಿ ತಮ್ಮನ್ನು ನೋಯಿಸಿಕೊಳ್ಳುತ್ತಿದ್ದ ಹತ್ತು ಜನರಲ್ಲಿ ಹೆಚ್ಚುಕಡಿಮೆ ಒಂಬತ್ತು ಜನ ದೊಡ್ಡವರಾಗುವ ಹೊತ್ತಿಗೆ ಅದನ್ನು ಬಿಟ್ಟಿದ್ದರು. ಆದರೆ ಚಿಕ್ಕ ವಯಸ್ಸಿನಲ್ಲಿ ಖಿನ್ನತೆ, ಆತಂಕ ಇದ್ದವರಲ್ಲಿ ದೊಡ್ಡವರಾದ ಮೇಲೂ ಅಪಾಯ ಜಾಸ್ತಿಯೇ ಇತ್ತು. ಗಾಯ ಮಾಯುತ್ತದೆ, ಒಳಗಿನದನ್ನು ಯಾರಾದರೂ ನೋಡಬೇಕು.

ಈ ಕೆಲಸಕ್ಕೆ ಹೊಸದಾಗಿ ಸೇರಿದಾಗ ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ಒಂಬತ್ತನೇ ಕ್ಲಾಸಿನ ಹುಡುಗಿ. ಮಾತು ಕಡಿಮೆ, ಓದಿನಲ್ಲಿ ಮುಂದೆ. ನಾನು ಅವಳನ್ನು ಎದುರಿಗೆ ಕೂರಿಸಿಕೊಂಡು ಮೊದಲು ಕೇಳಿದ್ದೇ ‘ಯಾಕಮ್ಮ ಹೀಗೆ ಮಾಡ್ಕೊಂಡೆ?’ ಅಂತ. ಅವಳು ‘ಗೊತ್ತಿಲ್ಲ ಮಿಸ್’ ಅಂದಳು. ಮತ್ತೆ ಕೇಳಿದೆ. ಮತ್ತೆ ಗೊತ್ತಿಲ್ಲ. ನನಗೂ ಸ್ವಲ್ಪ ಸಿಟ್ಟು ಬಂತು, ಸುಳ್ಳು ಹೇಳಿ ಏನು ಪ್ರಯೋಜನ. ಕೊನೆಗೆ, ‘ಇನ್ನು ಮೇಲೆ ಮಾಡಲ್ಲ ಅಂತ ನನಗೆ ಮಾತು ಕೊಡು’ ಅಂದೆ. ಕೈಮೇಲೆ ಕೈ ಇಟ್ಟು ಮಾತು ಕೊಟ್ಟಳು. ನಾನು ದೊಡ್ಡ ಸಾಧನೆ ಮಾಡಿದವಳ ಹಾಗೆ ಬಸ್ ಹತ್ತಿ ಮನೆಗೆ ಹೋದೆ. ಎರಡು ತಿಂಗಳ ಮೇಲೆ ಗೊತ್ತಾಯಿತು, ಅವಳು ನಿಲ್ಲಿಸಿರಲಿಲ್ಲ, ನನ್ನ ಹತ್ತಿರ ಹೇಳುವುದನ್ನು ಮಾತ್ರ ನಿಲ್ಲಿಸಿದ್ದಳು. ಮಾತು ಮುರಿದೆ ಅನ್ನುವ ಅಪರಾಧವೂ ಅವಳ ತಲೆ ಮೇಲೆ ಕೂತಿತ್ತು, ಅದನ್ನು ಇಟ್ಟವಳು ನಾನು.

ಆ ‘ಗೊತ್ತಿಲ್ಲ’ ಸುಳ್ಳಾಗಿರಲಿಲ್ಲ. ಮೂಲೆಯಲ್ಲಿ ಕೂತಿರುವ ಹಿರಿಯರಿಗೆ ಒಂದು ಪ್ರಶ್ನೆ. ನಮ್ಮ ಕೆರೆ ಕೋಡಿ ಬಿದ್ದಾಗ ಊರವರೆಲ್ಲ ನೋಡಲು ಹೋಗುತ್ತೀರಲ್ಲ, ಬಾಗಿನ ಬಿಡುತ್ತೀರಲ್ಲ, ಯಾವ ಮಳೆಗೆ ಕೋಡಿ ಬಿತ್ತು ಅಂತ ಕೇಳಿದರೆ ಏನು ಹೇಳುತ್ತೀರಿ? ‘ನಿನ್ನೆ ರಾತ್ರಿ ಮಳೆಗೆ’ ಅನ್ನುತ್ತೀರಿ. ಸರಿಯೇ. ಆದರೆ ನಿನ್ನೆ ರಾತ್ರಿಯ ಅದೇ ಮಳೆ ಬೇಸಿಗೆಯಲ್ಲಿ ಬಿದ್ದಿದ್ದರೆ ಕೆರೆಯ ತಳವೂ ನೆನೆಯುತ್ತಿರಲಿಲ್ಲ. ಎಷ್ಟೋ ವಾರದಿಂದ ಎಲ್ಲೆಲ್ಲಿಯದೋ ಹಳ್ಳ ಹರಿದು ಬಂದು ತುಂಬಿದ ಕೆರೆ ಅದು. ಮೊಬೈಲ್ ಕಿತ್ತುಕೊಂಡಿದ್ದು, ಮಾರ್ಕ್ಸ್ ಕಡಿಮೆ ಬಂದಿದ್ದು, ಗೆಳತಿ ಮಾತು ಬಿಟ್ಟಿದ್ದು, ಇವೆಲ್ಲ ನಿನ್ನೆ ರಾತ್ರಿಯ ಮಳೆ. ಪೇಪರಿನಲ್ಲಿ ಬರುವುದು ಅದೊಂದೇ. ‘ಮೊಬೈಲ್ ಕೊಡಿಸಲಿಲ್ಲವೆಂದು’ ಅಂತ ಒಂದು ಸಾಲಿನ ತಲೆಬರಹ. ಓದಿದವರು ‘ಈಗಿನ ಮಕ್ಕಳಿಗೆ ಸಹನೆಯೇ ಇಲ್ಲ’ ಅಂದು ಪುಟ ತಿರುಗಿಸುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು. ಅಲ್ಲಿಯೂ ಕಾರಣಗಳಿಗೆ ಕಾಲಂ ಇದೆ, ಪರೀಕ್ಷೆ, ಪ್ರೇಮ, ಕೌಟುಂಬಿಕ ಸಮಸ್ಯೆ ಅಂತ. ಒಂದು ಮಗುವಿನ ಹದಿನೈದು ವರ್ಷ ಒಂದು ಕಾಲಮ್ಮಿನಲ್ಲಿ ಹಿಡಿಸುವುದಿಲ್ಲ.

ಹಾಗಾದರೆ ಕೆರೆಗೆ ನೀರು ಬರುವುದು ಎಲ್ಲಿಂದ?

ದೊಡ್ಡ ಹಳ್ಳ ಅಂದರೆ ಖಿನ್ನತೆ. ಖಿನ್ನತೆ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಮೂಲೆಯಲ್ಲಿ ಕೂತು ಅಳುವ ಚಿತ್ರ. ಮಕ್ಕಳಲ್ಲಿ ಅದು ಎಷ್ಟೋ ಸಲ ಹಾಗೆ ಕಾಣುವುದೇ ಇಲ್ಲ, ಸಿಡುಕಿನ ವೇಷದಲ್ಲಿ ಬರುತ್ತದೆ. ಮಾತಾಡಿಸಿದರೆ ಮೈಮೇಲೆ ಬೀಳುವುದು, ತಟ್ಟೆ ತಳ್ಳುವುದು, ಮೊದಲು ಪ್ರಾಣ ಬಿಡುತ್ತಿದ್ದ ಕ್ರಿಕೆಟ್ಟನ್ನೋ ರಂಗೋಲಿಯನ್ನೋ ಸದ್ದಿಲ್ಲದೆ ಕೈಬಿಡುವುದು, ತಲೆನೋವು, ಹೊಟ್ಟೆನೋವು, ಸ್ಕ್ಯಾನ್ ಮಾಡಿಸಿದರೆ ಏನೂ ಇಲ್ಲ. ನಾವು ಇದಕ್ಕೆ ಇಟ್ಟ ಹೆಸರು ಸೊಕ್ಕು. ‘ವಯಸ್ಸಿಗೆ ಬಂದಿದ್ದಾಳೆ, ಸೊಕ್ಕು ಮಾಡ್ತಾಳೆ.’ ಒಂದು ದಿನದ ಸಿಡುಕು ಬೇರೆ, ಅದು ಎಲ್ಲ ಮಕ್ಕಳಿಗೂ ಇರುತ್ತದೆ, ನನ್ನ ಮನೆಯಲ್ಲೂ ಇದೆ. ಎರಡು ವಾರ ದಾಟಿಯೂ ದಿನಾ ಹಾಗೇ ಇದ್ದರೆ, ನಿದ್ದೆ ಊಟ ಓದು ಎಲ್ಲ ಒಟ್ಟಿಗೆ ಕೆಟ್ಟಿದ್ದರೆ, ಅದಕ್ಕೆ ಸೊಕ್ಕು ಅನ್ನಬೇಡಿ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇಕಡಾ 7.3 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ ಅಂತ ಹೇಳಿತು. ಅರವತ್ತು ಮಕ್ಕಳ ಒಂದು ಸೆಕ್ಷನ್ನಿನಲ್ಲಿ ನಾಲ್ಕು ಮಕ್ಕಳು ಅಂದುಕೊಳ್ಳಿ. ಟೀಚರುಗಳೇ, ನಿಮ್ಮ ತರಗತಿಯಲ್ಲಿ ಆ ನಾಲ್ವರು ಯಾರು ಅಂತ ನೀವು ಈಗ ಮನಸ್ಸಿನಲ್ಲೇ ಹುಡುಕುತ್ತಿದ್ದೀರಿ, ನನಗೆ ಗೊತ್ತು. ಗಲಾಟೆ ಮಾಡುವವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಆತಂಕ ಇರುವ ಮಗು ಎಷ್ಟೋ ಸಲ ನಿಮ್ಮ ಅತ್ಯಂತ ಒಳ್ಳೆಯ ವಿದ್ಯಾರ್ಥಿ. ಹೋಂವರ್ಕ್ ಮೂರು ಸಲ ಹರಿದು ಬರೆದಿರುತ್ತದೆ, ನಿಮಗೆ ಕಾಣುವುದು ನಾಲ್ಕನೇ ಸಲದ ಅಂದವಾದ ಅಕ್ಷರ ಮಾತ್ರ.

ಹುಡುಗರ ಬಗ್ಗೆ ಯಾರೂ ಮಾತಾಡುವುದಿಲ್ಲ. ಅಂಕಿಗಳಲ್ಲಿ ಹುಡುಗಿಯರು ಜಾಸ್ತಿ ಕಾಣುತ್ತಾರೆ, ನಿಜ. ಹುಡುಗ ಸಿಟ್ಟಿನಲ್ಲಿ ತನಗೇ ಏಟು ಮಾಡಿಕೊಂಡರೆ ನಾವು ಅದನ್ನು ಈ ಲೆಕ್ಕಕ್ಕೇ ಸೇರಿಸುವುದಿಲ್ಲ, ‘ಅವರಪ್ಪನ ಥರಾನೇ ಮುಂಗೋಪ’ ಅಂದು ನಗುತ್ತೇವೆ. ಒಬ್ಬ ಹುಡುಗನ ಕತೆ ಹೇಳುತ್ತೇನೆ. ಒಂದನೇ ಕ್ಲಾಸಿನಿಂದ ಅವನಿಗೆ ಇದ್ದ ಹೆಸರು ‘ತರಲೆ’. ಕೂತಲ್ಲಿ ಕೂರುವುದಿಲ್ಲ, ಪುಸ್ತಕ ಮರೆತು ಬರುತ್ತಾನೆ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ. ಎಂಟನೇ ಕ್ಲಾಸಿನ ಹೊತ್ತಿಗೆ ತರಲೆ ಹೋಗಿ ‘ದಡ್ಡ’ ಆಯಿತು. ದಿನಕ್ಕೆ ಹತ್ತು ಸಲ ಬೈಗುಳ ಅಂತ ಇಟ್ಟರೂ ಎಂಟು ವರ್ಷಕ್ಕೆ ಎಷ್ಟಾಯಿತು ನೀವೇ ಲೆಕ್ಕ ಹಾಕಿ. ಅವನಿಗೆ ಇದ್ದದ್ದು ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ, ಚಡಪಡಿಕೆ ಜಾಸ್ತಿ ಇರುವ ತೊಂದರೆ. ಅಂಥ ಮಕ್ಕಳಿಗೆ ಮನಸ್ಸಿಗೆ ಬಂದದ್ದಕ್ಕೂ ಮಾಡುವುದಕ್ಕೂ ನಡುವೆ ಇರಬೇಕಾದ ಆ ಒಂದು ಗಳಿಗೆಯ ತಡೆ ಕಡಿಮೆ ಇರುತ್ತದೆ. ಬೇರೆ ಮಗುವಿಗೆ ಬಂದು ಹೋಗುವ ಯೋಚನೆ ಇವನ ಕೈಯಲ್ಲಿ ನಡೆದೇಹೋಗುತ್ತದೆ. ಅದಕ್ಕೆ ಚಿಕಿತ್ಸೆ ಇದೆ, ಚೆನ್ನಾಗಿ ಕೆಲಸ ಮಾಡುವ ಚಿಕಿತ್ಸೆ. ಅವನಿಗೆ ಹದಿನಾಲ್ಕು ವರ್ಷ ಆಗುವವರೆಗೂ ಸಿಕ್ಕಿದ್ದು ಬೆತ್ತ.

ಈ ತಡೆಯ ವಿಷಯ ಎಲ್ಲ ಹದಿಹರೆಯದವರಿಗೂ ಸ್ವಲ್ಪ ಅನ್ವಯಿಸುತ್ತದೆ. ಹಣೆಯ ಹಿಂದೆ ಇರುವ ಮೆದುಳಿನ ಭಾಗ, ‘ತಡಿ, ಯೋಚನೆ ಮಾಡು’ ಅಂತ ಹೇಳುವ ಭಾಗ, ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಭಾವನೆಗಳು ಮಾತ್ರ ಹನ್ನೆರಡಕ್ಕೇ ಪೂರಾ ಜೋರಾಗಿರುತ್ತವೆ. ಎತ್ತು ದೊಡ್ಡದಾಗಿದೆ, ಮೂಗುದಾರ ಇನ್ನೂ ಹಾಕಿಲ್ಲ. ಅಂಥ ವಯಸ್ಸಿನಲ್ಲಿ ತಡೆಯಲಾರದ ಸಂಕಟ ಬಂದಾಗ, ಮೈಯ ನೋವು ಮನಸ್ಸಿನ ಗದ್ದಲವನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ಆಮೇಲೆ ನಾಚಿಕೆ, ಭಯ, ಮೊದಲಿಗಿಂತ ಹೆಚ್ಚಿನ ಸಂಕಟ. ಆ ಸಂಕಟಕ್ಕೆ ಮತ್ತೆ ಅದೇ ದಾರಿ. ಹೀಗೆ ಸುತ್ತು ಬೀಳುತ್ತದೆ. ‘ಎಲ್ಲರ ಗಮನ ಸೆಳೆಯೋಕೆ ಮಾಡ್ತಾಳೆ’ ಅನ್ನುವ ಮಾತು ಇದೆಯಲ್ಲ, ಆ ಮಾತು ನನಗೆ ತುಂಬ ಬೇಸರ ತರಿಸುತ್ತದೆ. ಹೆಚ್ಚಿನ ಮಕ್ಕಳು ಇದನ್ನು ತಿಂಗಳುಗಟ್ಟಲೆ ಮುಚ್ಚಿಡುತ್ತಾರೆ. ಗಮನ ಸೆಳೆಯುವವರು ಮುಚ್ಚಿಡುತ್ತಾರಾ? ಇನ್ನು ಒಂದು ಮಗು ನಿಜವಾಗಿಯೂ ನಮ್ಮ ಗಮನಕ್ಕಾಗಿ ತನ್ನ ಮೈಯನ್ನೇ ನೋಯಿಸಿಕೊಂಡಿತು ಅಂದರೆ, ಮಾತಿನಲ್ಲಿ ಕೇಳಿದಾಗ ನಾವು ಎಲ್ಲಿದ್ದೆವು?

ಈಗ ಹೇಳಲು ಕಷ್ಟವಾದದ್ದು. ಆ ಒಂಬತ್ತನೇ ಕ್ಲಾಸಿನ ಹುಡುಗಿ. ಗಾಯ ಕಂಡ ದಿನ ಅಮ್ಮ ಕಪಾಳಕ್ಕೆ ಹೊಡೆದಿದ್ದರು. ಅಜ್ಜಿ ‘ಗಾಳಿ ಸೋಕಿದೆ’ ಅಂತ ತಾಯತ ಕಟ್ಟಿಸಿದ್ದರು. ಯಾರಿಗೂ ಪ್ರೀತಿ ಕಡಿಮೆ ಇರಲಿಲ್ಲ, ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಮಾಡಿದರು. ಎಷ್ಟೋ ಭೇಟಿಗಳ ನಂತರ, ನಾನು ಯಾಕೆ ಅಂತ ಕೇಳುವುದನ್ನು ಬಿಟ್ಟ ಮೇಲೆ, ಅವಳು ತಾನೇ ಹೇಳಿದಳು. ಮನೆಗೆ ಬಂದುಹೋಗುವ ಹತ್ತಿರದ ನೆಂಟ ಒಬ್ಬ. ಅವಳಿಗೆ ಆಗ ಹನ್ನೊಂದು ವರ್ಷ. ಹಬ್ಬಕ್ಕೆ ಅವನು ಬರುತ್ತಾನೆ ಅಂತ ಗೊತ್ತಾದ ವಾರಗಳಲ್ಲೇ ಅವಳ ಗಾಯಗಳು ಜಾಸ್ತಿ ಆಗುತ್ತಿದ್ದವು. ಯಾರೂ ಕ್ಯಾಲೆಂಡರ್ ನೋಡಿರಲಿಲ್ಲ.

ಲೈಂಗಿಕ ದೌರ್ಜನ್ಯ, ಹೊಡೆತ, ಸದಾ ಹೀಯಾಳಿಕೆ, ಕುಡಿಯುವ ಅಪ್ಪ, ಹೊಡೆತ ತಿನ್ನುವ ಅಮ್ಮ, ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ, ಇವನ್ನೆಲ್ಲ ಒಟ್ಟಿಗೆ ಎಣಿಸಿ ನೋಡಿದ ಒಂದು ಅಧ್ಯಯನ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನಡೆಯಿತು. ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಅನ್ನುವ ವೈದ್ಯರು 1998ರಲ್ಲಿ ಪ್ರಕಟಿಸಿದ್ದು. ಬಾಲ್ಯದಲ್ಲಿ ಇಂಥ ಅನುಭವ ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಆಗಿದ್ದವರಲ್ಲಿ ಮುಂದೆ ಖಿನ್ನತೆ, ಕುಡಿತ, ಆತ್ಮಹತ್ಯೆಯ ಪ್ರಯತ್ನ ಇವುಗಳ ಅಪಾಯ, ಒಂದೂ ಆಗಿಲ್ಲದವರಿಗಿಂತ ನಾಲ್ಕರಿಂದ ಹನ್ನೆರಡು ಪಟ್ಟು ಇತ್ತು. ಒಂದೇ ಹಳ್ಳಕ್ಕೆ ಕೆರೆ ತುಂಬಲಿಕ್ಕಿಲ್ಲ. ನಾಲ್ಕು ಕಡೆಯಿಂದ ಬಂದರೆ ತಡೆಯುತ್ತದಾ?

ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದರೆ ಮುಚ್ಚಿಡುವಂತಿಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ತಿಳಿದವರು ತಿಳಿಸಲೇಬೇಕು, ಟೀಚರ್ ಆಗಲಿ, ನಾನಾಗಲಿ, ಡಾಕ್ಟರ್ ಆಗಲಿ. ಮಕ್ಕಳ ಸಹಾಯವಾಣಿ 1098. ‘ಮನೆ ಮರ್ಯಾದೆ’ ಅನ್ನುವವರಿಗೆ ನಾನು ಹೇಳುವುದು ಇಷ್ಟೇ, ಆ ಮರ್ಯಾದೆಯ ಖರ್ಚನ್ನೆಲ್ಲ ಈಗಾಗಲೇ ಮಗು ತನ್ನ ಮೈಯಿಂದ ಕಟ್ಟಿದೆ.

ಶಾಲೆಯ ಹಳ್ಳ ಇನ್ನೊಂದು. ಬ್ರಿಟನ್ನಿನ ಬ್ರಿಸ್ಟಲ್ ಸುತ್ತಮುತ್ತ 1991-92ರಲ್ಲಿ ಹೆರಿಗೆಗೆ ಇದ್ದ ಸುಮಾರು 14 ಸಾವಿರ ತಾಯಂದಿರನ್ನು ಸೇರಿಸಿಕೊಂಡು ಅವರ ಮಕ್ಕಳನ್ನು ಹುಟ್ಟಿನಿಂದ ಇವತ್ತಿನವರೆಗೂ ಗಮನಿಸುತ್ತಾ ಬಂದಿದ್ದಾರೆ. ಎಂಥ ತಾಳ್ಮೆಯ ಕೆಲಸ ನೋಡಿ! ಅಲ್ಲಿ ಕಂಡದ್ದು ಏನೆಂದರೆ, ಏಳರಿಂದ ಹತ್ತು ವರ್ಷದ ನಡುವೆ ಜೊತೆ ಮಕ್ಕಳಿಂದ ಕಾಟ ತಿಂದವರು ಹದಿನಾರು ಹದಿನೇಳಕ್ಕೆ ತಮ್ಮನ್ನು ನೋಯಿಸಿಕೊಳ್ಳುವುದು ಜಾಸ್ತಿ. ಮಧ್ಯೆ ಅಷ್ಟೂ ವರ್ಷ ಕಳೆದಿದೆ. ನಾವೋ, ‘ಮಕ್ಕಳ ಜಗಳ, ನಾಳೆ ಸರಿಹೋಗುತ್ತೆ’ ಅನ್ನುತ್ತೇವೆ. ಕರಿಯ, ಡುಮ್ಮಿ, ಬುಡ್ಡ, ಇವೆಲ್ಲ ನಮಗೆ ಅಡ್ಡಹೆಸರು. ಜಾತಿ ಹಿಡಿದು ಅನ್ನುವ ಮಾತುಗಳನ್ನು ನಾನಿಲ್ಲಿ ಹೇಳುವುದೂ ಬೇಡ, ನಿಮಗೆ ಗೊತ್ತಿವೆ, ಬಿಸಿಯೂಟದ ಸಾಲಿನಲ್ಲೂ ಕೇಳಿದ್ದೀರಿ. ಹಳ್ಳಿಯ ಕನ್ನಡ ಮಾಧ್ಯಮದಿಂದ ಪಿಯುಸಿಗೆ ಅಂತ ನಗರದ ಹಾಸ್ಟೆಲಿಗೆ ಹೋದ ಮಗು ಮೊದಲ ಆರು ತಿಂಗಳು ಕ್ಲಾಸಿನಲ್ಲಿ ಒಂದು ಪ್ರಶ್ನೆಯನ್ನೂ ಕೇಳದೆ ಕೂತಿರುತ್ತದೆ, ಊರಿಗೆ ಫೋನ್ ಮಾಡಿದಾಗ ‘ಊಟ ಆಯ್ತಾ, ಓದ್ತಿದ್ದೀಯಾ’ ಎರಡೇ ಪ್ರಶ್ನೆ. ನಡೆನುಡಿಯಲ್ಲಿ ಬೇರೆ ಹುಡುಗರ ಹಾಗಿಲ್ಲದ ಹುಡುಗ, ಹುಡುಗಿಯರ ಹಾಗಿಲ್ಲದ ಹುಡುಗಿ, ಇವರಿಗೆ ಶಾಲೆಯಲ್ಲೂ ಏಟು, ಮನೆಯಲ್ಲೂ ಏಟು. ಅಂಥ ಮಕ್ಕಳಲ್ಲಿ ಈ ಅಪಾಯ ತುಂಬ ಜಾಸ್ತಿ ಅಂತ ಎಷ್ಟೋ ದೇಶಗಳ ಅಧ್ಯಯನಗಳು ಹೇಳುತ್ತವೆ. ತೊಂದರೆ ಆ ಮಕ್ಕಳ ಸ್ವಭಾವದಲ್ಲಿಲ್ಲ, ಸುತ್ತಲಿನ ನಗುವಿನಲ್ಲಿದೆ.

ಮೊಬೈಲ್ ಬಗ್ಗೆ ಹೇಳಿ ಅಂತ ಹೆಡ್‌ಮಾಸ್ಟರು ಮೊದಲೇ ಕೇಳಿಕೊಂಡಿದ್ದಾರೆ. ಎಲ್ಲದಕ್ಕೂ ಮೊಬೈಲೇ ಕಾರಣ ಅಂತ ನಾನು ಹೇಳಿದರೆ ನೀವೆಲ್ಲ ಚಪ್ಪಾಳೆ ತಟ್ಟುತ್ತೀರಿ, ಅದಕ್ಕೇ ಹೇಳುವುದಿಲ್ಲ. ಆದರೆ ಎರಡು ವಿಷಯ ಇದೆ. ಒಂದು ನಿದ್ದೆ. ರಾತ್ರಿ ಎರಡು ಗಂಟೆಗೆ ಹೊದಿಕೆಯೊಳಗೆ ಬೆಳಕು ಇರುವ ಮಗುವಿಗೆ ಬೆಳಿಗ್ಗೆ ಸಂಕಟ ತಡೆಯುವ ಶಕ್ತಿ ಅರ್ಧವೂ ಇರುವುದಿಲ್ಲ, ನಿದ್ದೆಗೆಟ್ಟರೆ ನಮಗೇ ಇರುವುದಿಲ್ಲ. ಇನ್ನೊಂದು, ಒಮ್ಮೆ ಬೇಜಾರಿನ ವಿಡಿಯೋ ನೋಡಿದರೆ ಅಂಥದ್ದನ್ನೇ ಮತ್ತೆ ಮತ್ತೆ ತಂದು ಸುರಿಯುವ ಆ ವ್ಯವಸ್ಥೆ. ಬ್ರಿಟನ್ನಿನಲ್ಲಿ 14 ವರ್ಷದ ಒಬ್ಬ ಹುಡುಗಿ 2017ರಲ್ಲಿ ತೀರಿಕೊಂಡಳು. 2022ರಲ್ಲಿ ಅಲ್ಲಿನ ವಿಚಾರಣಾಧಿಕಾರಿ ಅವಳ ಸಾವಿನ ಬಗ್ಗೆ ತೀರ್ಮಾನ ಬರೆಯುವಾಗ ಖಿನ್ನತೆಯ ಜೊತೆಗೆ ಆನ್‌ಲೈನ್‌ನಲ್ಲಿ ಅವಳು ಕಂಡದ್ದರ ಕೆಟ್ಟ ಪರಿಣಾಮವನ್ನೂ ಹೆಸರಿಸಿದರು. ‘ಜೊತೆಗೆ’ ಅನ್ನುವುದನ್ನು ಗಮನಿಸಿ. ಫೋನ್ ಕಿತ್ತು ಬೀರುವಿನಲ್ಲಿಟ್ಟರೆ ಖಿನ್ನತೆ ಬೀರುವಿಗೆ ಹೋಗುವುದಿಲ್ಲ. ಕೆಲವು ಮಕ್ಕಳಿಗೆ ಇರುವ ಒಬ್ಬಳೇ ಗೆಳತಿ ಆ ಫೋನಿನಲ್ಲೇ ಇರುತ್ತಾಳೆ.

ಪರೀಕ್ಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರೂ ಹೇಳುತ್ತಾರೆ. ನಮ್ಮ ರಾಜ್ಯದಲ್ಲಿ 2024ರಿಂದ ಎಸ್ಸೆಸ್ಸೆಲ್ಸಿ, ಪಿಯುಸಿ ಎರಡಕ್ಕೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಯ ಅವಕಾಶ ಬಂದಿದೆ. ಅದನ್ನು ಮಕ್ಕಳಿಗೆ ರಿಸಲ್ಟ್ ಬರುವ ಮುನ್ನಾ ದಿನವೇ ಹೇಳಿ. ಬಂದ ಮೇಲೆ ಹೇಳಿದರೆ ಅದು ಸಮಾಧಾನದ ಮಾತಾಗುತ್ತದೆ, ಯಾರೂ ನಂಬುವುದಿಲ್ಲ.

ಸರಿ, ಗಾಯ ಕಂಡಿತು ಅಂತ ಇಟ್ಟುಕೊಳ್ಳಿ. ಸೆಕೆಯಲ್ಲೂ ತುಂಬು ತೋಳಿನ ಅಂಗಿ ಬಿಡದ ಮಗಳ ತೋಳು ಒಂದು ದಿನ ಕಂಡುಬಿಟ್ಟಿತು. ಏನು ಮಾಡುತ್ತೀರಿ? ಮೊದಲು ಉಸಿರು ತೆಗೆದುಕೊಳ್ಳಿ. ಮಗು ಆ ಹೊತ್ತಿನಲ್ಲಿ ನಿಮ್ಮ ಮುಖವನ್ನು ಓದುತ್ತಿರುತ್ತದೆ. ಗಾಯಕ್ಕೆ ಆರೈಕೆ ಬೇಕಿದ್ದರೆ ಮಾಡಿ, ಆಳವಾಗಿದ್ದರೆ ಅಥವಾ ಏನಾದರೂ ನುಂಗಿರಬಹುದು ಅನ್ನುವ ಅನುಮಾನ ಇದ್ದರೆ ಮಾತುಕತೆ ಎಲ್ಲ ಆಮೇಲೆ, ಆಸ್ಪತ್ರೆಗೆ ಓಡಿ. ಪೊಲೀಸ್ ಕೇಸ್ ಆಗುತ್ತೆ ಅನ್ನುವ ಭಯದಲ್ಲಿ ಮನೆಯಲ್ಲೇ ಇಟ್ಟುಕೊಳ್ಳುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಏನು ಹೇಳುತ್ತದೆ ಅಂದರೆ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಕೊಡುವಂತಿಲ್ಲ, ಸರ್ಕಾರ ಅವರಿಗೆ ಆರೈಕೆ ಕೊಡಬೇಕು. ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಂ ಕೂಡ 2024ರ ಜುಲೈ 1ರಿಂದ ಹೊಸ ಕಾನೂನು ಬಂದಾಗ ಹೋಯಿತು. ಹಾಗಾಗಿ ಓಡಿ.

ಹೊಡೆಯಬೇಡಿ. ದೇವರ ಮುಂದೆ ಆಣೆ ಮಾಡಿಸಬೇಡಿ, ನನ್ನ ಕತೆ ಕೇಳಿದಿರಲ್ಲ. ‘ನಮ್ಮನ್ನ ಯಾಕೆ ಹೀಗೆ ಸಾಯಿಸ್ತೀಯಾ’ ಅನ್ನಬೇಡಿ, ಅದು ಬಾಯಿಗೆ ಬಂದೇ ಬರುತ್ತದೆ, ನುಂಗಿಕೊಳ್ಳಿ. ‘ತುಂಬ ಕಷ್ಟ ಆಗಿರಬೇಕು ನಿನಗೆ, ನನಗೆ ಗೊತ್ತಾಗಲಿಲ್ಲ’ ಅನ್ನಬಹುದು. ಆಮೇಲೆ ಪಕ್ಕದಲ್ಲಿ ಕೂತು ಏನಾದರೂ ಕೆಲಸ ಮಾಡಿ, ಅವರೆಕಾಳು ಬಿಡಿಸಿ. ಎದುರಾಬದುರು ಕೂತರೆ ಬರದ ಮಾತು ಪಕ್ಕದಲ್ಲಿ ಕೂತರೆ ಬರುತ್ತದೆ. ಒಂದು ಪ್ರಶ್ನೆಯನ್ನು ಮಾತ್ರ ನೇರವಾಗಿ ಕೇಳಿ. ‘ಸಾಯಬೇಕು ಅನ್ನಿಸುತ್ತಾ ನಿನಗೆ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅಂತ ಎಲ್ಲರ ಭಯ. ಹಾಗಾಗುವುದಿಲ್ಲ, ಇದನ್ನು ಸಾಕಷ್ಟು ಪರೀಕ್ಷಿಸಿ ನೋಡಿದ್ದಾರೆ. ಎಷ್ಟೋ ಮಕ್ಕಳು ಕೇಳಿದ್ದಕ್ಕೆ ಹಗುರಾಗುತ್ತಾರೆ. ‘ಹೌದು’ ಅಂದರೆ ಒಂಟಿಯಾಗಿ ಬಿಡಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ. ಮನೆಯ ಮಾತ್ರೆಗಳು, ಹೊಲಕ್ಕೆ ತಂದಿಟ್ಟ ಔಷಧಿ ಡಬ್ಬ, ಅಪಾಯದ ವಸ್ತು ಎಲ್ಲ ಬೀಗದೊಳಗೆ ಹೋಗಲಿ, ಬೀಗದ ಕೈ ದೊಡ್ಡವರ ಹತ್ತಿರ. ಸಂಕಟದ ಅಲೆ ಬಹಳ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತು ಕಳೆಯಬೇಕು, ಅದಕ್ಕೆ ಬೀಗ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್, ಅದರ ನಂಬರ್ ಬರೆದುಕೊಳ್ಳಿ, 14416. 2022ರ ಅಕ್ಟೋಬರ್ 10ರಂದು ಶುರುವಾದದ್ದು, ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಮಗುವೇ ಮಾಡಬೇಕು ಅಂತಿಲ್ಲ, ‘ನನಗೆ ಏನು ಮಾಡಬೇಕೋ ಗೊತ್ತಾಗ್ತಿಲ್ಲ’ ಅಂತ ನೀವೂ ಮಾಡಬಹುದು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಅಷ್ಟು ದೂರ ಆಗಲ್ಲ ಅಂದರೆ ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೇ ಬರುತ್ತಾರೆ. ನಿಮ್ಮಲ್ಲಿಗೆ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲಿ ವಿಚಾರಿಸಿ.

ಟೀಚರುಗಳಿಗೆ ಒಂದು ಮಾತು. ಒಂದು ಮಗುವಿನ ಗಾಯ ಕಂಡರೆ ಇಡೀ ಕ್ಲಾಸಿನ ಕೈ ಚೆಕ್ ಮಾಡಬೇಡಿ. ಪ್ರಾರ್ಥನೆಯ ಹೊತ್ತಿನಲ್ಲಿ ಭಾಷಣ ಬೇಡ. ಈ ವಯಸ್ಸಿನಲ್ಲಿ ಇದು ಒಬ್ಬರಿಂದ ಒಬ್ಬರಿಗೆ ಹರಡಬಹುದು, ದೊಡ್ಡ ಸುದ್ದಿ ಮಾಡಿದಷ್ಟೂ ಜಾಸ್ತಿ. ನೂರು ಮತ್ತು ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ತರಬೇತಾದ ಸಮಾಲೋಚಕರು ಇರಬೇಕು ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ನಿಮ್ಮ ಎಸ್‌ಡಿಎಂಸಿ ಸಭೆಯಲ್ಲಿ ಆ ವಿಷಯ ಎತ್ತಿ. ಗೋಡೆಗೆ ಪೇಂಟ್ ಹೊಡೆಸುವ ಚರ್ಚೆ ಮುಗಿದ ಮೇಲಾದರೂ.

ಇದಕ್ಕೆ ಚಿಕಿತ್ಸೆ ಇದೆಯಾ ಅಂತ ಕೇಳುತ್ತೀರಿ. ಇದೆ. ಸಂಕಟ ಬಂದಾಗ ಅದನ್ನು ಹೆಸರಿಟ್ಟು ಗುರುತಿಸುವುದು, ಆ ಅಲೆ ಇಳಿಯುವವರೆಗೆ ತಡೆದುಕೊಳ್ಳುವುದು, ಬೇಕಾದದ್ದನ್ನು ಬಾಯಿಬಿಟ್ಟು ಕೇಳುವುದು, ಇದನ್ನೆಲ್ಲ ಈಜು ಕಲಿಸಿದ ಹಾಗೆ ಕಲಿಸಬಹುದು. ಇಂಥ ಒಂದು ಚಿಕಿತ್ಸೆಯನ್ನು ರೂಪಿಸಿದವರು ಅಮೆರಿಕದ ಮಾರ್ಷಾ ಲೈನ್‌ಹ್ಯಾನ್ ಅನ್ನುವ ಮನಶ್ಶಾಸ್ತ್ರಜ್ಞೆ. 2011ರಲ್ಲಿ ಅವರು ಎಲ್ಲರೆದುರು ಹೇಳಿಕೊಂಡರು, ತಾನೂ ಹದಿನೇಳನೇ ವಯಸ್ಸಿನಲ್ಲಿ ಹೀಗೇ ತನ್ನನ್ನು ನೋಯಿಸಿಕೊಳ್ಳುತ್ತಾ ಆಸ್ಪತ್ರೆ ಸೇರಿದ್ದೆ ಅಂತ. ನನ್ನ ಹತ್ತಿರ ಬರುವ ದೊಡ್ಡ ಮಕ್ಕಳಿಗೆ ನಾನು ಈ ಕತೆ ಹೇಳುತ್ತೇನೆ. ಅವರು ಚಿಕಿತ್ಸೆಯ ಬಗ್ಗೆ ಏನೂ ಕೇಳುವುದಿಲ್ಲ. ‘ಅವರಿಗೂ ಹಿಂಗಾಗಿತ್ತಾ?’ ಅಂತ ಅದನ್ನೇ ಎರಡು ಸಲ ಕೇಳುತ್ತಾರೆ.

ಪ್ರಶ್ನೆಗಳಿದ್ದರೆ ಕೇಳಿ.

(ಮೊದಲು ಕೈ ಎತ್ತಿದ್ದು ಒಬ್ಬ ಅಜ್ಜಿ. ‘ನಮ್ಮ ಕಾಲದಾಗೆ ಇವೆಲ್ಲ ಇರ್ಲಿಲ್ವಲ್ಲಮ್ಮ’ ಅಂದರು. ಇರಲಿಲ್ಲವೋ, ಯಾರೂ ಹೇಳಿಕೊಳ್ಳುತ್ತಿರಲಿಲ್ಲವೋ ಅಂತ ನಾನು ಕೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮ ಕೇರಿಯಾಗೆ ಒಬ್ಳು ಬಾವಿ ಕಟ್ಟೆ ಮೇಲೆ ಒಬ್ಳೇ ಕೂತಿರ್ತಿದ್ಲು’ ಅಂದು ಕೂತುಬಿಟ್ಟರು. ತಾಯತ ಬಿಚ್ಚಿಸಬೇಕಾ ಅಂತ ಇನ್ನೊಬ್ಬರು ಕೇಳಿದರು. ಬೇಡ, ತಾಯತ ಇರಲಿ, ಡಾಕ್ಟರಿಗೂ ತೋರಿಸಿ, ಎರಡಕ್ಕೂ ಜಗಳ ಇಲ್ಲ ಅಂದೆ. ಆಮೇಲೆ ಯಾರೂ ಕೇಳಲಿಲ್ಲ. ಕಾಫಿ ಬಂತು.

ಎಲ್ಲರೂ ಹೋದ ಮೇಲೆ ನಾನು ಮೈಕಿನ ವೈರ್ ಸುತ್ತುತ್ತಿದ್ದೆ. ಮೊದಲಿನಿಂದ ಕೊನೆಯವರೆಗೂ ಬಾಗಿಲ ಹತ್ತಿರವೇ ನಿಂತಿದ್ದ ಒಬ್ಬರು, ಕೈಯಲ್ಲಿ ಹೆಲ್ಮೆಟ್ಟು, ಹತ್ತಿರ ಬಂದರು. ‘ನಮ್ಮನೇಲಿ ಏನೂ ಇಲ್ಲ ಮೇಡಂ, ಸುಮ್ನೆ ಕೇಳ್ತಿದ್ದೀನಿ’ ಅಂದರು. ‘ಮಂಗಳವಾರ ಡಾಕ್ಟ್ರು ಎಷ್ಟೊತ್ತಿಗೆ ಬರ್ತಾರೆ?’)